ಹಲ್ಲಕ್ಕನ ‘ಏನ್ ಮಹಾ’

ಹಲ್ಲು ಕಟ್ಟುವ ಕೋಣೆ ಎಲ್ಲಿದೆ ಎಂದು ಆ ಬೀದಿಯಲ್ಲಿ ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಾರೆ. ಹಲ್ಲಕ್ಕ ಎಲ್ಲಿ ಎಂದರೆ ಸಾಕು, ಸೈಕಲ್ ರಿಪೇರಿಯವನು ಗಾಳಿ ಹೊಡೆಯುತ್ತಲೇ ಗಲ್ಲದಿಂದ ಮೇಲೆ ತೋರಿಸುತ್ತಾನೆ. ಅವನ ಅಂಗಡಿಯ ಪಕ್ಕದಲ್ಲೇ ಮೆಟ್ಟಿಲು. ಒಟ್ಟು ಹದಿನೇಳು. ಕೊನೆಯ ಐದು ಬೆಳ್ಳಗಿವೆ. ಸುಣ್ಣ ಬಳಿದದ್ದಲ್ಲ, ಮೇಲಿನ ಕೋಣೆಯಿಂದ ಕಾಲಿಗೆ ಅಂಟಿಕೊಂಡು ಇಳಿದು ಬಂದ ಪ್ಲಾಸ್ಟರ್ ಪುಡಿ.

ಕೋಣೆ ಒಂದೇ. ಕಿಟಕಿಯ ಕೆಳಗೆ ಉದ್ದಕ್ಕೆ ಒಂದು ಬೆಂಚು, ಅದರ ಮುಂದೆ ಎರಡು ಸ್ಟೂಲು. ಬೆಂಚಿನ ಮೇಲೆ ಸ್ಪಿರಿಟ್ ದೀಪ, ಕೆಂಪು ಮೇಣದ ಹಾಳೆಗಳು, ಕಡ್ಡಿಯಷ್ಟು ಸಣ್ಣ ಚಾಕು. ಮೂಲೆಯ ಗ್ಯಾಸ್ ಒಲೆಯ ಮೇಲೆ ಒಂದು ದೊಡ್ಡ ಪಾತ್ರೆ ಕುದಿಯುತ್ತಲೇ ಇರುತ್ತದೆ. ಹೊಸಬರು ಅಡುಗೆ ಅಂದುಕೊಂಡು ಮುಚ್ಚಳ ಎತ್ತಿ ನೋಡುವುದುಂಟು. ಒಳಗೆ ಬೇಯುತ್ತಿರುವುದು ಯಾರದೋ ವಸಡು. ಗೋಡೆಗೆ ಹೊಡೆದ ಹಲಗೆಯ ಮೇಲೆ ಪ್ಲಾಸ್ಟರ್ ದವಡೆಗಳು ಕೂತಿರುತ್ತವೆ, ಒಂದೊಂದರ ಬೆನ್ನಿಗೂ ಪೆನ್ಸಿಲಿನಲ್ಲಿ ಬರೆದ ನಂಬರು.

ಊರಿನ ಹಲ್ಲಿನ ಡಾಕ್ಟರುಗಳು ಹಲ್ಲು ಕೀಳುತ್ತಾರೆ, ಬೋಳು ಬಾಯಿಯ ಅಚ್ಚು ತೆಗೆಯುತ್ತಾರೆ. ಹೊಸ ಹಲ್ಲು ಕಟ್ಟುವುದು ಅವರಲ್ಲ. ಅಚ್ಚು ಇಲ್ಲಿಗೆ ಬರುತ್ತದೆ. ಹಲ್ಲಕ್ಕ ಅದರಿಂದ ಪ್ಲಾಸ್ಟರಿನ ದವಡೆ ಎತ್ತಿ, ಮೇಲೆ ಮೇಣ ಕೂರಿಸಿ, ಮೇಣದಲ್ಲಿ ಒಂದೊಂದೇ ಹಲ್ಲು ನಿಲ್ಲಿಸುತ್ತಾಳೆ. ಆ ಮೇಣದ ಸೆಟ್ಟು ಡಬ್ಬಿಯಲ್ಲಿ ಕೂತು ಕ್ಲಿನಿಕ್ಕಿಗೆ ಹೋಗುತ್ತದೆ. ಪೇಷೆಂಟು ಹಾಕಿಕೊಂಡು ಕನ್ನಡಿ ನೋಡಬೇಕು. ಅದು ಟ್ರಯಲ್ಲು. ಒಪ್ಪಿದರೆ ಸೆಟ್ಟಿನ ಸುತ್ತ ಪ್ಲಾಸ್ಟರ್ ಹೊಯ್ದು, ಕುದಿಸಿ, ಮೇಣ ತೆಗೆದು ಆ ಜಾಗಕ್ಕೆ ಪ್ಲಾಸ್ಟಿಕ್ಕಿನ ಗಟ್ಟಿ ವಸಡು ತುಂಬುತ್ತಾರೆ. ಒಪ್ಪದಿದ್ದರೆ ದೀಪ ಹಚ್ಚಿ, ಮೇಣ ಕರಗಿಸಿ, ಮತ್ತೆ ಮೊದಲಿನಿಂದ.

ಮೂವತ್ತೊಂದು ವರ್ಷದಿಂದ ಹಲ್ಲಕ್ಕನ ಕೆಲಸ ಇದು. ಊರಿನ ಅರ್ಧ ಮುದುಕರು ಅವಳು ಕಟ್ಟಿದ ಹಲ್ಲಿನಲ್ಲೇ ನಗುತ್ತಾರೆ, ಸೊಸೆಯನ್ನು ಬೈಯುತ್ತಾರೆ, ಬಿಸ್ಕತ್ತು ಕಡಿಯುತ್ತಾರೆ. ಅವರಲ್ಲಿ ಒಬ್ಬರ ಮುಖವನ್ನೂ ಅವಳು ನೋಡಿದ್ದಿಲ್ಲ. ಅವಳಿಗೆ ಗೊತ್ತಿರುವುದು ನಂಬರು ಮತ್ತು ದವಡೆ.

ಮುಖ ನೋಡಿದವನು ಡಬ್ಬಣ್ಣ.

ಅವನಿಗೆ ಹೆತ್ತವರು ಇಟ್ಟ ಹೆಸರು ಬೇರೆ. ಹತ್ತೊಂಬತ್ತು ವರ್ಷ ಡಬ್ಬಿಗಳನ್ನು ಚೀಲಕ್ಕೆ ಹಾಕಿಕೊಂಡು ಕ್ಲಿನಿಕ್ಕಿಂದ ಕೋಣೆಗೆ, ಕೋಣೆಯಿಂದ ಕ್ಲಿನಿಕ್ಕಿಗೆ ಸ್ಕೂಟರಿನಲ್ಲಿ ಓಡಾಡಿದ್ದಕ್ಕೆ ಜನ ಇಟ್ಟದ್ದು ಇದು. ಈಗ ನಲವತ್ತೆಂಟು ವಯಸ್ಸು. ಮಾತು ಕಡಿಮೆ. ಕ್ಲಿನಿಕ್ಕಿನ ಬೆಂಚಿನ ಮೇಲೆ ತುಟಿ ಪಿಟಕ್ಕೆನ್ನದೆ ಗಂಟೆಗಟ್ಟಲೆ ಕೂರುತ್ತಿದ್ದ. ಮಾತಾಡದವನ ಕಣ್ಣಿಗೆ ಬಿಡುವು ಜಾಸ್ತಿ. ಯಾರು ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಾರೆ, ಯಾರು ಬಲಗಡೆ ಮಾತ್ರ ತುಟಿ ಎತ್ತುತ್ತಾರೆ, ಎಲ್ಲವೂ ಅವನ ತಲೆಯಲ್ಲಿ ಇರುತ್ತಿತ್ತು. ಕೇಳುವವರು ಇರಲಿಲ್ಲ, ಅವನೂ ಹೇಳುತ್ತಿರಲಿಲ್ಲ.

ಹಲ್ಲಕ್ಕನದೂ ಮಾತು ಕಡಿಮೆಯೇ. ಆದರೆ ಎರಡು ಮಾತು ಮಾತ್ರ ಬಾಯಲ್ಲಿ ಸದಾ ಇರುತ್ತಿತ್ತು: ಏನ್ ಮಹಾ.

ಡಾಕ್ಟರು ಫೋನಿನಲ್ಲಿ, “ಅಕ್ಕ, ಈ ದವಡೆ ಬಹಳ ಕಷ್ಟ, ಮೂಳೆಯೇ ಇಲ್ಲ” ಎಂದರೆ, “ಏನ್ ಮಹಾ, ಕಳಿಸಿ.” ಕಟ್ಟಿದ ಸೆಟ್ಟು ಬಹಳ ಚೆನ್ನಾಗಿ ಕೂತಿತು ಎಂದು ಅದೇ ಡಾಕ್ಟರು ಹೊಗಳಿದರೆ, “ಏನ್ ಮಹಾ ಬಿಡಿ.” ಒಮ್ಮೆ ಕುದಿಯುವ ಪಾತ್ರೆ ಮಗುಚಿ ಕಾಲಿನ ಮೇಲೆ ನೀರು ಬಿತ್ತು. ಕೆಳಗಿನ ಸೈಕಲ್‌ನವನು ಓಡಿ ಬಂದ. “ಏನ್ ಮಹಾ” ಎಂದು ಒದ್ದೆ ಬಟ್ಟೆ ಸುತ್ತಿಕೊಂಡು ಪಾತ್ರೆ ಮತ್ತೆ ಒಲೆಗೇರಿಸಿದಳು. ನೆರೆಮನೆಯವಳು ಕಾರು ಕೊಂಡಾಗ ಅಂದದ್ದೂ ಅದೇ. ನೆರೆಯವಳು ಅದಾದ ಮೇಲೆ ಒಂದು ವರ್ಷ ಮಾತು ಬಿಟ್ಟಿದ್ದಳು.

ಬೆಂಚಿನ ಮುಂದೆ ಎರಡು ಸ್ಟೂಲು ಎಂದೆನಲ್ಲ, ಎರಡನೆಯದು ಖಾಲಿ ಇರುವುದಕ್ಕೂ ಆ ಮಾತೇ ಕಾರಣ. ಮೂವರು ಬಂದಿದ್ದರು, ಮೂವರೂ ಕೆಲಸ ಕಲಿತವರು. ಮೊದಲನೆಯವನು ನಾಲ್ಕು ತಿಂಗಳು ಇದ್ದ. ಎರಡನೆಯವನು ಹನ್ನೊಂದು ದಿನ. ಮೂರನೆಯವಳು ಕೆಲಸದಲ್ಲಿ ಚುರುಕು. ಬೆಳಗ್ಗೆಯಿಂದ ಕತ್ತು ಬಗ್ಗಿಸಿ ಕಟ್ಟಿದ ಸೆಟ್ಟನ್ನು ಮುಂದೆ ಹಿಡಿದಳು. ಹಲ್ಲಕ್ಕ ತಿರುಗಿಸಿ ನೋಡಿ “ಏನ್ ಮಹಾ” ಅಂದಳು. ಆ ಹುಡುಗಿ ಏಪ್ರನ್ ಬಿಚ್ಚಿ ಮೊಳೆಗೆ ಹಾಕಿದವಳು ಹದಿನೇಳು ಮೆಟ್ಟಿಲನ್ನೂ ಅಳುತ್ತಲೇ ಇಳಿದಳು. ಅಂದಿನಿಂದ ಎರಡನೇ ಸ್ಟೂಲಿನ ಮೇಲೆ ಹಳೇ ರೇಡಿಯೋ, ರೇಡಿಯೋ ಮೇಲೆ ಹಳೇ ಕ್ಯಾಲೆಂಡರುಗಳು.

ಡಬ್ಬಣ್ಣ ಇದನ್ನೆಲ್ಲ ನೋಡಿದ್ದ. ಕಿವಿಗೆ ಹಾಕಿಕೊಂಡಿರಲಿಲ್ಲ. ಡಬ್ಬಿ ಹೊರುವವನಿಗೆ ಯಾರು ಏನಂದರೆ ಏನು. ಆದರೆ ಒಂದು ಸೋಮವಾರ ಅವನಿಗೇ ಅದು ಬಂತು.

ಅಂದು ದೊಡ್ಡ ಕ್ಲಿನಿಕ್ಕಿನ ಡಾಕ್ಟರು ಅವನನ್ನು ಒಳಗೆ ಕರೆದು ಕೂರಿಸಿದ್ದರು. ವಯಸ್ಸಿನಲ್ಲಿ ಚಿಕ್ಕವರು, ಮರ್ಯಾದಸ್ಥರು.

“ಡಬ್ಬಣ್ಣ, ಬೇಜಾರು ಮಾಡ್ಕೋಬೇಡಿ. ಮುಂದಿನ ತಿಂಗಳಿಂದ ಎಲ್ಲಾ ಕೊರಿಯರ್‌ನಲ್ಲೇ ಹೋಗಿ ಬರುತ್ತೆ. ನಾವು ಮಾತ್ರ ಅಲ್ಲ, ಉಳಿದ ನಾಲ್ಕು ಕ್ಲಿನಿಕ್‌ನವರೂ ಹಾಗೇ ಮಾತಾಡ್ಕೊಂಡಿದೀವಿ.”

“ಸರಿ ಸರ್” ಅಂದ ಡಬ್ಬಣ್ಣ.

ಅಲ್ಲಿಂದ ನೇರ ಬಂದು ಕೋಣೆಯ ಮೆಟ್ಟಿಲು ಹತ್ತಿದ. ಹಲ್ಲಕ್ಕ ಪಾಲಿಶ್ ಮೋಟರಿನ ಮುಂದೆ ನಿಂತಿದ್ದಳು. ಎರಡೂ ಕೈಯಲ್ಲಿ ಒಂದು ಸೆಟ್ಟು, ಮುಖದ ತುಂಬ ಚಿಮ್ಮಿದ ಬಿಳಿ ಚುಕ್ಕಿ. ಅವನು ವಿಷಯ ಹೇಳಿದ. ಕೊರಿಯರ್, ಮುಂದಿನ ತಿಂಗಳು, ಐದೂ ಕ್ಲಿನಿಕ್ಕು.

ಅವಳು ಮೋಟರ್ ನಿಲ್ಲಿಸಲಿಲ್ಲ. “ಏನ್ ಮಹಾ” ಅಂದಳು.

ಡಬ್ಬಣ್ಣ ಚೀಲ ಹಿಡಿದು ನಿಂತೇ ಇದ್ದ. ಏನು ಮಹಾ ಅಲ್ಲ? ಕೊರಿಯರ್ ಬರುವುದು ದೊಡ್ಡದಲ್ಲವೋ, ತಾನು ಹೋಗುವುದು ದೊಡ್ಡದಲ್ಲವೋ? ಕೇಳಬಹುದಿತ್ತು. ಕೇಳಿದರೆ ಏನು ಉತ್ತರ ಬರುತ್ತದೆಂದೂ ಗೊತ್ತಿತ್ತು.

ಅವನಿಗೆ ಒಂದು ಆಸೆ ಇತ್ತು. ಎರಡು ವರ್ಷದಿಂದ ಯಾರಿಗೂ ಹೇಳದೆ ಇಟ್ಟುಕೊಂಡದ್ದು. ಮಧ್ಯಾಹ್ನ ಹಲ್ಲಕ್ಕ ಹಿಂದಿನ ಬೀದಿಯ ಮನೆಗೆ ಊಟಕ್ಕೆ ಹೋಗಿ ಅರ್ಧ ಗಂಟೆ ಅಡ್ಡಾಗಿ ಬರುತ್ತಾಳೆ. ಆ ಹೊತ್ತಿಗೆ ಕೋಣೆ ಕಾಯುವವನು ಡಬ್ಬಣ್ಣ. ಮೊದಮೊದಲು ಸುಮ್ಮನೆ ಕೂರುತ್ತಿದ್ದ. ಆಮೇಲೆ ಎಸೆದ ದವಡೆಯ ಮೇಲೆ ಎಸೆದ ಹಲ್ಲು ನಿಲ್ಲಿಸಿ ನೋಡಿದ. ಮೊದಲ ಸೆಟ್ಟು ಬೇಲಿ ಮುರಿದ ಹಾಗಿತ್ತು. ಐವತ್ತನೆಯದರ ಹೊತ್ತಿಗೆ ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಟಕ್ ಎಂದು ಕೂತಿತು. ಆ ಸದ್ದು ಕೇಳಿ ಒಬ್ಬನೇ ನಕ್ಕಿದ್ದ. ಅಕ್ಕ ಬರುವ ಮೊದಲೇ ಎಲ್ಲ ಕರಗಿಸಿ, ಚಾಕು ಒರೆಸಿ, ಇದ್ದಲ್ಲೇ ಇಡುತ್ತಿದ್ದ. ನಿಂತೇ ಮಾಡುತ್ತಿದ್ದ. ಸ್ಟೂಲಿನ ಮೇಲಿನ ರೇಡಿಯೋ ಕೆಳಗಿಳಿಸುವ ಧೈರ್ಯ ಬಂದಿರಲಿಲ್ಲ.

ಈಗ ಉಳಿದದ್ದು ಇಪ್ಪತ್ತಾರು ದಿನ. ಆ ಸ್ಟೂಲು ಸಿಕ್ಕರೆ ಬದುಕು ಇಲ್ಲೇ. ಸಿಗದಿದ್ದರೆ ನಲವತ್ತೆಂಟನೇ ವಯಸ್ಸಿನಲ್ಲಿ ಬೇರೆ ಬಾಗಿಲು. ಸ್ಟೂಲು ಕೇಳಬೇಕಾದರೆ ಒಂದು ಸೆಟ್ಟು ಕಟ್ಟಿ ಅಕ್ಕನ ಕೈಗೆ ಕೊಡಬೇಕು. ಕೊಟ್ಟರೆ ಅವಳು ಏನನ್ನುತ್ತಾಳೆ ಎಂಬುದು ಮೊದಲೇ ಗೊತ್ತು. ಅದರ ಅರ್ಥ ಮಾತ್ರ ಗೊತ್ತಿಲ್ಲ. ಮೂವರು ಅದೇ ಕಲ್ಲಿಗೆ ಎಡವಿ ಹೋಗಿದ್ದರು.

ಹಾಗಾಗಿ ಅವನು ಮೊದಲು ಆ ಮಾತಿನ ಹಿಂದೆ ಬಿದ್ದ.

ಬರೆದಿಡುವ ಅಭ್ಯಾಸ ಅವನಿಗಿಲ್ಲ. ಬಣ್ಣ ಕೆಟ್ಟ ಹಲ್ಲುಗಳ ಒಂದು ಡಬ್ಬ ಬೆಂಚಿನ ಕೆಳಗಿತ್ತು. ಅದರಿಂದ ಒಂದು ಮುಷ್ಟಿ ತೆಗೆದು ಪ್ಯಾಂಟಿನ ಜೇಬಿಗೆ ಹಾಕಿಕೊಂಡ. ಹಲ್ಲಕ್ಕ ತಾನು ಕಟ್ಟಿದ ಒಂದು ಸೆಟ್ಟು ನೋಡಿ ಏನ್ ಮಹಾ ಅಂದಾಗ, ಆ ಸೆಟ್ಟು ಆಮೇಲೆ ಕೆಟ್ಟಿತು ಎಂದಾದರೆ ಒಂದು ಹಲ್ಲು ಅಂಗಿಯ ಎಡ ಜೇಬಿಗೆ, ಚೆನ್ನಾಯಿತು ಎಂದಾದರೆ ಬಲ ಜೇಬಿಗೆ. ದನಿ ಗಮನಿಸಿದ. ಎಳೆದು ಹೇಳಿದರೆ ಒಳ್ಳೆಯದೇ? ಮೂರು ದಿನ ನೋಡಿದ, ತಾಳ ಸಿಗಲಿಲ್ಲ. ಹುಬ್ಬು ಗಮನಿಸಿದ. ಹುಬ್ಬು ಅವಳಿಗೆ ಪ್ಲಾಸ್ಟರ್ ಪುಡಿ ಬಿದ್ದಾಗ ಮಾತ್ರ ಆಡುತ್ತಿತ್ತು.

ಆ ದಿನಗಳಲ್ಲಿ ಊರೆಲ್ಲ ಅವನಿಗೆ ಅದೇ ಕೇಳಿಸುತ್ತಿತ್ತು. ಬಸ್ ಸ್ಟಾಪಿನಲ್ಲಿ ಒಬ್ಬ ಇನ್ನೊಬ್ಬನಿಗೆ, “ಅವನೇನ್ ಮಹಾ ಮ್ಯಾನೇಜರ್ರು, ನನ್ನ ಜೊತೆ ಫೇಲಾದೋನು” ಅನ್ನುತ್ತಿದ್ದ. ಅದು ಹೊಟ್ಟೆ ಉರಿದವರ ಏನ್ ಮಹಾ. ಔಷಧಿ ಅಂಗಡಿಯಲ್ಲಿ ಒಬ್ಬ ತಾಯಿ ಮಗನಿಗೆ, “ಒಂದ್ ಸೂಜಿ ಚುಚ್ಚೋದು ಏನ್ ಮಹಾನೋ” ಅನ್ನುತ್ತಿದ್ದಳು. ಅವಳ ಕೈಯೇ ನಡುಗುತ್ತಿತ್ತು. ಸೈಕಲ್‌ನವನು ಪಂಕ್ಚರಿಗೆ ಅನ್ನುವುದು ಗಿರಾಕಿ ಬೇರೆ ಅಂಗಡಿಗೆ ಹೋಗದಿರಲಿ ಅಂತ. ಮಾತು ಒಂದೇ, ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಕೆಲಸ ಮಾಡುತ್ತಿತ್ತು. ಹಲ್ಲಕ್ಕನದು ಯಾವುದು?

ಗುರುವಾರ ಸಂಜೆ ಮನೆಗೆ ಬಂದಾಗ ಹೆಂಡತಿ ಇಸ್ತ್ರಿ ಮೇಜಿನ ಮುಂದೆ ನಿಂತಿದ್ದಳು. ಅವಳದು ಇಸ್ತ್ರಿ ಕೆಲಸ, ಮುಂದಿನ ಕೋಣೆಯೇ ಅಂಗಡಿ. ಮೇಜಿನ ಮೇಲೆ ಅವನ ಅಂಗಿ, ಪಕ್ಕದಲ್ಲಿ ಎರಡು ಗುಡ್ಡೆ ಹಲ್ಲು.

“ರೀ, ಜೇಬಲ್ಲಿ ಬಸ್ ಟಿಕೆಟ್ ಸಿಗೋ ಗಂಡಂದಿರನ್ನ ನೋಡಿದೀನಿ. ಕಾಗದ ಪತ್ರ ಸಿಗೋರನ್ನೂ ಕೇಳಿದೀನಿ. ಹಲ್ಲು ಸಿಗೋ ಗಂಡ ನನಗೊಬ್ಬಳಿಗೇ ಬರೆದಿರೋದು.”

“ಅದು ಲೆಕ್ಕ.”

“ಯಾರನ್ನ ಕಚ್ಚಿದ ಲೆಕ್ಕ?”

ಅವನು ಹೇಳಬೇಕಾಯಿತು. ಕೊರಿಯರಿನಿಂದ ಶುರು ಮಾಡಿ ಸ್ಟೂಲಿನವರೆಗೆ ಹೇಳಿದ. ಮದುವೆಯಾದ ಮೇಲೆ ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದು ಅಂದೇ. ಹೆಂಡತಿ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಕೇಳಿಸಿಕೊಂಡಳು.

“ಎಡ ಜೇಬು ಕೆಟ್ಟದ್ದು, ಬಲ ಜೇಬು ಒಳ್ಳೇದು. ಎರಡಕ್ಕೂ ಅದೇ ಮಾತು, ಅದೇ ದನಿ. ಹಂಗಾ?”

“ಹೂಂ.”

“ಮತ್ತೆ ಕೆಟ್ಟಿದ್ದು ಕೆಟ್ಟಿದೆ ಅಂತ ನಿಮಗೆ ಹೆಂಗೆ ಗೊತ್ತಾಗತ್ತೆ?”

“ಅಕ್ಕ ದೀಪ ಹಚ್ಚಿ ಕರಗಿಸ್ತಾಳಲ್ಲ.”

“ಒಳ್ಳೇದಿದ್ರೆ?”

“ಡಬ್ಬಿಗೆ ಹಾಕ್ತಾಳೆ.”

ಹೆಂಡತಿ ಇಸ್ತ್ರಿ ಪೆಟ್ಟಿಗೆ ಮತ್ತೆ ಕೈಗೆತ್ತಿಕೊಂಡಳು. “ಹಂಗಾದ್ರೆ ಬಾಯಿ ಯಾಕೆ ನೋಡ್ತೀರಿ, ಕೈ ನೋಡಿ. ನಾನು ಗಿರಾಕಿ ಬಟ್ಟೆ ತಂದಾಗ ಆಯ್ತಣ್ಣ ಆಯ್ತಣ್ಣ ಅಂತೀನಿ. ನಿಜವಾಗ್ಲೂ ಆಗತ್ತೋ ಇಲ್ವೋ ನಾನು ಬಟ್ಟೇನ ಮೇಲಿನ ಹಲಗೆಗೆ ಇಡ್ತೀನಾ ಕೆಳಗಿಡ್ತೀನಾ ನೋಡಿದ್ರೆ ತಿಳಿಯತ್ತೆ. ಹತ್ತೊಂಬತ್ತು ವರ್ಷ ನೋಡಿದೀರಂತೆ.”

ಮರುದಿನ ಡಬ್ಬಣ್ಣ ನೋಡಿದ, ನಿಜ. ಏನ್ ಮಹಾ ಎಂಬ ಮಾತು ಮುಗಿಯುವ ಮೊದಲೇ ಹಲ್ಲಕ್ಕನ ಬಲಗೈ ಹೊರಟಿರುತ್ತಿತ್ತು. ಎಡಕ್ಕೆ ಹೋದರೆ ದೀಪ, ಬಲಕ್ಕೆ ಹೋದರೆ ಡಬ್ಬಿ. ಆ ಕೈಗೆ ಎರಡೇ ದಾರಿ, ಅದು ಒಮ್ಮೆಯೂ ತಡವರಿಸುತ್ತಿರಲಿಲ್ಲ. ಆ ಅಳುತ್ತ ಇಳಿದು ಹೋದ ಹುಡುಗಿಯ ಸೆಟ್ಟು ಏನಾಯಿತು ಎಂದು ನೆನೆಸಿಕೊಂಡ. ಅವಳು ಏಪ್ರನ್ ಬಿಚ್ಚುತ್ತಿದ್ದಾಗ ಹಲ್ಲಕ್ಕ ಅದನ್ನು ಡಬ್ಬಿಗೆ ಇಡುತ್ತಿದ್ದಳು. ಅವನೇ ಅದನ್ನು ಕ್ಲಿನಿಕ್ಕಿಗೆ ಒಯ್ದಿದ್ದ. ಆ ಹುಡುಗಿ ತಿರುಗಿ ನೋಡಿರಲಿಲ್ಲ, ಅಷ್ಟೇ.



ಇನ್ನು ಸೆಟ್ಟು ಕಟ್ಟಿ ಕೊಡುವುದೊಂದೇ ಬಾಕಿ. ಯಾವುದು ಎಂದು ಯೋಚಿಸುತ್ತಿರುವಾಗ ನೂರಾ ಹನ್ನೆರಡನೇ ನಂಬರು ಬಂತು.

ಆ ನಂಬರಿನ ಮೇಣದ ಸೆಟ್ಟು ಆಗಲೇ ಎರಡು ಸಲ ಟ್ರಯಲ್ಲಿಗೆ ಹೋಗಿ ವಾಪಸಾಗಿತ್ತು. ನೋವಿಲ್ಲ, ಸಡಿಲವಿಲ್ಲ, ಕಚ್ಚುವುದು ಸರಿ. ಪೇಷೆಂಟ್ ಒಲ್ಲೆ ಅನ್ನುತ್ತಾರೆ, ಅಷ್ಟೇ. ಹಲ್ಲಕ್ಕ ಮೂವತ್ತೊಂದು ವರ್ಷದಲ್ಲಿ ಒಂದೇ ಬಾಯಿಗೆ ಮೂರನೇ ಸಲ ಸೆಟ್ಟು ಕಟ್ಟಿದ್ದಿಲ್ಲ. ದವಡೆಯನ್ನು ಬೆಳಕಿಗೆ ಹಿಡಿದು ನೋಡಿದಳು, ಬೆರಳಿನಿಂದ ಸವರಿದಳು. ಏನ್ ಮಹಾ ಕೂಡ ಅನ್ನಲಿಲ್ಲ. ಅದು ಡಬ್ಬಣ್ಣನಿಗೆ ಹೊಸದು.

ಮೊದಲೆರಡು ಸಲ ಡಬ್ಬಿ ಕೊಟ್ಟು ಬಂದುಬಿಟ್ಟಿದ್ದವನು ಮೂರನೇ ಟ್ರಯಲ್ಲಿಗೆ ಸೆಟ್ಟು ಒಯ್ದು ಕೊಟ್ಟು ಹೊರಗೆ ಕೂತ. ಒಳಗಿನಿಂದ ಮಾತು ಕೇಳಿಸುತ್ತಿತ್ತು.

“ಎಷ್ಟು ಚೆನ್ನಾಗಿದೆ ನೋಡಿ ಅಮ್ಮ, ಮುತ್ತು ಪೋಣಿಸಿದ ಹಾಗೆ” ಎಂದರು ಡಾಕ್ಟರು.

“ಚೆನ್ನಾಗಿದೆಯಪ್ಪ, ಇಲ್ಲ ಅಂದ್ನಾ. ಒಳ್ಳೇ ಮನೆತನದ ಹಲ್ಲು. ನನ್ನ ಬಾಯಿಗೆ ನೆಂಟರು ಬಂದು ಕೂತ ಹಾಗೆ ಇದೆ. ಎಷ್ಟೊತ್ತಿಗೆ ಎದ್ದು ಹೋಗ್ತಾರೋ ಅನ್ಸತ್ತೆ.”

ಆ ದನಿ ಡಬ್ಬಣ್ಣನಿಗೆ ಗೊತ್ತಿತ್ತು. ಎಲ್ಲಿ ಎಂದು ಹೊಳೆಯಲಿಲ್ಲ. ಆಕೆ ಹೊರಗೆ ಬಂದಳು. ಎಪ್ಪತ್ತು ದಾಟಿದ, ಎತ್ತರದ ಹೆಂಗಸು. ಮುಖ ಎಂದೂ ನೋಡಿದ್ದಲ್ಲ. ಆಕೆ ಅವನ ಪಕ್ಕ ಕೂತು ಚಪ್ಪಲಿಗೆ ಕಾಲು ತೂರಿಸುತ್ತ ಕೇಳಿದಳು:

“ನೀನೇನಾ ಹಲ್ಲು ಹೊರೋನು?”

“ಹೌದಮ್ಮ.”

“ಕಟ್ಟಿದೋರಿಗೆ ಹೇಳು, ತಪ್ಪು ಅವರದಲ್ಲ ಅಂತ. ಮುಂದಕ್ಕೆ ನೋಡೋಣ. ಸಾಲಲ್ಲಿ ನಿಂತು ಬರ್ತೀನಿ.”

ಸಾಲಲ್ಲಿ ನಿಂತು. ಡಬ್ಬಣ್ಣನಿಗೆ ಥಟ್ಟನೆ ಬೆಳಕಾಯಿತು. ಹಳೇ ಟಾಕೀಸು. ಟಿಕೆಟ್ ಕೊಡುವ ಕಿಂಡಿ. ಅರ್ಧ ಚಂದ್ರದಷ್ಟು ತೂತು, ಅದೂ ಎಷ್ಟು ಕೆಳಗೆ ಎಂದರೆ ಒಳಗೆ ಕೂತವಳ ಒಂದು ಕೈ ಮತ್ತು ಮೂಗಿನ ಕೆಳಗಿನ ಬಾಯಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಇಪ್ಪತ್ತೈದು ವರ್ಷ ಊರಿನ ಜನ ಆ ಬಾಯಿಯನ್ನು ನೋಡಿದ್ದರು. ಟಿಕೆಟಮ್ಮ ಅನ್ನುತ್ತಿದ್ದರು. ರಸ್ತೆಯಲ್ಲಿ ಎದುರಾದರೆ ಒಬ್ಬರಿಗೂ ಗುರುತು ಸಿಗುತ್ತಿರಲಿಲ್ಲ.

“ನೀವು ಟಾಕೀಸಲ್ಲಿ…”

“ಅದೇ ನಾನು.”

“ಒಂದ್ಸಲ ಕೇಳಿದ್ದೆ, ಸಿನಿಮಾ ಹೇಗಿದೆ ಅಂತ. ‘ಏನ್ ಮಹಾ, ಅಳೋದಿದ್ರೆ ಬಾಲ್ಕನಿಗೆ ಹೋಗು, ನಗೋದಿದ್ರೆ ಕೆಳಗೆ ಕೂತ್ಕೋ’ ಅಂದಿದ್ರಿ.”

ಆಕೆ ನಕ್ಕಳು. ಬೋಳು ಬಾಯಿಗೆ ಕೈ ಅಡ್ಡ ಹಿಡಿದೇ ನಕ್ಕಳು. “ಎಲ್ಲರಿಗೂ ಅದನ್ನೇ ಹೇಳ್ತಿದ್ದೆ. ಒಂದ್ ಸಿನಿಮಾನೂ ನಾನು ನೋಡಿದ್ದಿಲ್ಲ. ಕಿಂಡಿ ಬಿಟ್ಟು ಹೋಗೋ ಹಾಗಿರ್ಲಿಲ್ವಲ್ಲ.”

ಡಬ್ಬಣ್ಣ ಸ್ಕೂಟರ್ ಹತ್ತಿದ. ಆ ಬಾಯಿ ಅವನ ಕಣ್ಣ ಮುಂದೆ ಇತ್ತು. ಮೇಲಿನ ಸಾಲಿನಲ್ಲಿ ಎಡಗಡೆಯ ಮುಂದಿನ ಹಲ್ಲು ಪಕ್ಕದ ಹಲ್ಲಿಗೆ ಭುಜ ಕೊಟ್ಟು ಒರಗಿತ್ತು. ಟಿಕೆಟ್ ಕೊಡುವಾಗ ಮೇಲಿನ ತುಟಿ ಎದ್ದರೆ ಅದೇ ಮೊದಲು ಕಾಣುತ್ತಿತ್ತು. ಅದನ್ನು ಪ್ಲಾಸ್ಟರ್ ದವಡೆ ಹೇಗೆ ಹೇಳೀತು? ಹಲ್ಲೆಲ್ಲ ಹೋದ ಮೇಲೆ ತೆಗೆದ ಅಚ್ಚು ಅದು.

ಮರುದಿನ ಹಲ್ಲಕ್ಕ ಊಟಕ್ಕೆ ಇಳಿದ ಮೇಲೆ ಅವನು ನೂರಾ ಹನ್ನೆರಡನ್ನು ಹಲಗೆಯಿಂದ ತೆಗೆದ. ದೀಪ ಹಚ್ಚಿದ. ಇದು ಎಸೆದ ದವಡೆಯಲ್ಲ. ಅಕ್ಕನ ಕೈ ಕಟ್ಟಿದ ಸಾಲು. ಚಾಕು ಬಿಸಿ ಮಾಡಿ ಎಡಗಡೆಯ ಆ ಒಂದು ಹಲ್ಲನ್ನು ಸಡಿಲಿಸಿ, ಪಕ್ಕದ್ದರ ಮೇಲೆ ಸ್ವಲ್ಪ ಒರಗಿಸಿ, ಮೇಣ ತುಂಬಿದ. ಕರಗಿಸಿ ಮೊದಲಿನ ಹಾಗೆ ಮಾಡಿಡುವ ಸಮಯ ಇನ್ನೂ ಇತ್ತು. ಮಾಡಲಿಲ್ಲ. ಬೆಂಚಿನ ನಡುವೆ, ಅಕ್ಕ ಕೂರುವ ಜಾಗದ ಎದುರಿಗೇ ಇಟ್ಟು ಕಿಟಕಿ ಹತ್ತಿರ ನಿಂತ.

ಹಲ್ಲಕ್ಕ ಬಂದಳು, ಕೂತಳು, ನೋಡಿದಳು. ಸೆಟ್ಟನ್ನು ಕೈಗೆತ್ತಿಕೊಂಡು ಮುಂದಿನಿಂದ ನೋಡಿದಳು, ಮೇಲಿನಿಂದ ನೋಡಿದಳು. ಯಾರು ಮಾಡಿದ್ದು ಎಂದು ಕೇಳಲಿಲ್ಲ.

“ಏನ್ ಮಹಾ.”

ಡಬ್ಬಣ್ಣ ಅವಳ ಮುಖ ನೋಡಲಿಲ್ಲ. ಕೈ ನೋಡಿದ. ಕೈ ಎಡಕ್ಕೆ ಹೋಯಿತು.

ದೀಪ. ಆದರೂ ಮೂವರ ಹಾಗೆ ಬೆನ್ನು ತಿರುಗಿಸಲಿಲ್ಲ. ನೋಡುತ್ತ ನಿಂತ. ಹಲ್ಲಕ್ಕ ಚಾಕು ಕಾಯಿಸಿ ಮೇಣಕ್ಕೆ ಇಟ್ಟಳು. ಪೂರ್ತಿ ಸಾಲು ಕರಗಿಸಲಿಲ್ಲ. ಒರಗಿಸಿದ ಹಲ್ಲಿನ ಆ ಕಡೆಯದೊಂದು, ಈ ಕಡೆಯದೊಂದು, ಎರಡನ್ನು ಮಾತ್ರ ಕಿತ್ತು ಬೆಂಚಿನ ಮೇಲೆ ಇಟ್ಟಳು. ಒರಗಿದ್ದನ್ನು ಮುಟ್ಟಲಿಲ್ಲ. ಚಾಕು ಅಲ್ಲೇ ಬಿಟ್ಟು, “ಕೈ ತೊಳ್ಕೊಂಡ್ ಬರ್ತೀನಿ” ಎಂದು ಎದ್ದು ಹೋದಳು. ಕೈ ತೊಳೆಯುವ ನಲ್ಲಿ ಕೋಣೆಯಲ್ಲೇ ಇತ್ತು. ಅವಳು ಕೆಳಗಿಳಿದು ಸೈಕಲ್‌ನವನ ಅಂಗಡಿಗೆ ಹೋದಳು.

ಡಬ್ಬಣ್ಣ ಬೆಂಚಿನ ಮುಂದೆ ಬಂದ. ಕಿತ್ತಿಟ್ಟ ಎರಡು ಹಲ್ಲು ನೋಡಿದ, ನಿಂತ ಒಂದನ್ನು ನೋಡಿದ. ಟಾಕೀಸಿನ ಸಾಲು ನೆನಪಾಯಿತು. ನೂಕುನುಗ್ಗಲಲ್ಲಿ ಒಬ್ಬ ಪಕ್ಕದವನ ಮೇಲೆ ಒರಗಿದರೆ ಪಕ್ಕದವನು ನೆಟ್ಟಗೆ ನಿಲ್ಲುತ್ತಾನೆಯೇ? ಅವನೂ ಅರ್ಧ ಹೆಜ್ಜೆ ಹಿಂದೆ ಸರಿಯುತ್ತಾನೆ. ಈ ಕಡೆಯವನು ಸಿಕ್ಕಿದ ಜಾಗಕ್ಕೆ ತಿರುಗಿ ನಿಲ್ಲುತ್ತಾನೆ. ಇವನು ಒಂದು ಹಲ್ಲನ್ನು ಒರಗಿಸಿ ಅಕ್ಕಪಕ್ಕದವನ್ನು ಪೆರೇಡಿನಲ್ಲಿ ನಿಲ್ಲಿಸಿದ್ದ. ಅದು ಅರವತ್ತು ವರ್ಷ ಒರಗಿದ ಹಲ್ಲಿನ ಹಾಗೆ ಕಾಣುತ್ತಿರಲಿಲ್ಲ. ನಿನ್ನೆ ಬಿದ್ದ ಹಲ್ಲಿನ ಹಾಗಿತ್ತು.

ಒಂದನ್ನು ಕೂದಲೆಳೆಯಷ್ಟು ಹಿಂದಕ್ಕೆ ಇಟ್ಟ. ಇನ್ನೊಂದನ್ನು ಚೂರು ತಿರುಗಿಸಿದ. ಕೆಳಸಾಲಿನಲ್ಲಿ ಅದಕ್ಕೆ ತಾಗುವ ಹಲ್ಲಿನ ತುದಿಯನ್ನು, ವರ್ಷಾನುಗಟ್ಟಲೆ ಸವೆದ ಹಾಗೆ ಅರದಿಂದ ತುಸು ಉಜ್ಜಿದ. ಮೇಲೆ ಕೆಳಗೆ ಕೂಡಿಸಿದ. ಟಕ್.

ಮೆಟ್ಟಿಲಿನ ಮೇಲೆ ಹೆಜ್ಜೆ ಕೇಳಿಸಿತು. ಹಲ್ಲಕ್ಕ ಕೂತು ಸೆಟ್ಟು ಕೈಗೆತ್ತಿಕೊಂಡಳು. ಈ ಸಲ ಬಹಳ ಹೊತ್ತು ನೋಡಿದಳು. ಕೆಳಗೆ ಯಾರೋ ಸೈಕಲ್ ಗಂಟೆ ರಿಪೇರಿಗೆ ಕೊಟ್ಟಿದ್ದರು, ಅದು ಒಂದೇ ಸಮ ಬಡಿದುಕೊಳ್ಳುತ್ತಿತ್ತು.

“ಇವರನ್ನ ನೋಡಿದೀಯಾ ನೀನು?”

“ಕಿಂಡಿಯಲ್ಲಿ ನೋಡಿದ್ದೆ ಅಕ್ಕ. ಟಾಕೀಸಲ್ಲಿ ಟಿಕೆಟ್ ಕೊಡ್ತಿದ್ರು. ಬಾಯಿ ಮಾತ್ರ ಕಾಣ್ತಿತ್ತು.”

“ಹೂಂ.” ಅವಳು ಸೆಟ್ಟನ್ನು ಬೆಳಕಿಗೆ ಹಿಡಿದಳು. “ಎರಡು ವರ್ಷದಿಂದ ನನ್ನ ಮೇಣ ಯಾರು ತಿಂತಿದಾರೆ ಅಂದ್ಕೊಂಡಿದ್ದೆ. ಇಲಿ ಅಂತ ಬೋನೂ ಇಟ್ಟಿದ್ದೆ.”

ಡಬ್ಬಣ್ಣ ನೆಲ ನೋಡಿದ.

“ಏನ್ ಮಹಾ” ಅಂದಳು ಹಲ್ಲಕ್ಕ.

ಅವನು ತಲೆ ಎತ್ತಿದ. ಕೈ ಹೊರಟಿತ್ತು. ಎಂದೂ ತಡವರಿಸದ ಕೈ ಅಂದು ಬೆಂಚಿನ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಬಲಕ್ಕೆ ಹೋಗಿ ಡಬ್ಬಿಯ ಮುಚ್ಚಳ ತೆಗೆಯಿತು.

ನಾಲ್ಕನೇ ಟ್ರಯಲ್ಲಿನ ದಿನ ಡಬ್ಬಣ್ಣ ಕ್ಲಿನಿಕ್ಕಿನ ಬಾಗಿಲ ಪಕ್ಕದಲ್ಲೇ ಕೂತ. ಡಾಕ್ಟರು ಸೆಟ್ಟು ನೋಡಿ ಹುಬ್ಬು ಗಂಟು ಹಾಕಿದ್ದರು. “ಇದೇನು, ಸೊಟ್ಟ ಬಂದಿದೆಯಲ್ಲ” ಎಂದದ್ದು ಅವನಿಗೆ ಕೇಳಿಸಿತ್ತು. ಆದರೂ ಟಿಕೆಟಮ್ಮನ ಬಾಯಿಗೆ ಇಟ್ಟು ಕನ್ನಡಿ ಕೊಟ್ಟರು.

ಡಬ್ಬಣ್ಣ ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಸುತ್ತಿದ.

“ನೂಕಬೇಡಿ. ಸಾಲಲ್ಲಿ ಬನ್ನಿ” ಎಂದಿತು ಒಳಗಿನ ದನಿ.

“ಏನಮ್ಮ?” ಡಾಕ್ಟರು ಕೇಳಿದರು.

“ನಿಮಗಲ್ಲಪ್ಪ. ಇಪ್ಪತ್ತೈದು ವರ್ಷ ಅಂದಿದ್ದು, ಬಾಯಿಗೆ ಬರತ್ತಾ ನೋಡ್ದೆ. ಬಂತು.” ಕುರ್ಚಿ ಸರಿದ ಸದ್ದಾಯಿತು. “ಸರಿ, ನಾನು ಹೊರಡ್ತೀನಿ.”

“ಅಮ್ಮ, ಹಲ್ಲು ಕೊಟ್ಟು ಹೋಗಿ. ಇದು ಇನ್ನೂ ಮೇಣ. ಬಿಸಿ ಟೀ ಕುಡಿದ್ರೆ ಕರಗಿ ಹೋಗತ್ತೆ.”

“ಟೀ ಬಿಡ್ತೀನಿ.”

“ಹಾಗಲ್ಲಮ್ಮ…”

“ಕೊಡಲ್ಲ. ಮೂರು ಸಲ ಬೇರೆಯವರ ಹಲ್ಲು ತಂದು ಬಾಯಿಗಿಟ್ರಿ. ನನ್ನದು ಸಿಕ್ಕಿದ ಮೇಲೆ ವಾಪಸ್ ಕೊಡು ಅಂತೀರಲ್ಲ.”

ಡಾಕ್ಟರು ಬಾಗಿಲಿಗೆ ಬಂದು ಕೈಚೆಲ್ಲಿ ನಿಂತರು. “ಡಬ್ಬಣ್ಣ, ನೀವೇ ಸ್ವಲ್ಪ ಹೇಳಿ.”

ಡಬ್ಬಣ್ಣ ಒಳಗೆ ಹೋದ. ಟಿಕೆಟಮ್ಮ ಕನ್ನಡಿ ಹಿಡಿದೇ ನಿಂತಿದ್ದಳು. ಮೇಲಿನ ತುಟಿ ಸ್ವಲ್ಪ ಎದ್ದಿತ್ತು, ಆ ಹಲ್ಲು ಪಕ್ಕದವನ ಭುಜಕ್ಕೆ ಒರಗಿ ಹೊರಗೆ ನೋಡುತ್ತಿತ್ತು. ಅವನು ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿದ.

“ನಾಲ್ಕು ದಿನ ಅಮ್ಮ. ಇದೇ ಬರತ್ತೆ. ನಾನೇ ತರ್ತೀನಿ.”

ಆಕೆ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ನಾಲ್ಕೇ ದಿನ ತಾನೇ?”

“ನಾಲ್ಕೇ.”

ಆಕೆ ಗೋಡೆಯ ಕಡೆ ತಿರುಗಿ ಹಲ್ಲು ತೆಗೆದು ಡಬ್ಬಿಗಿಟ್ಟಳು. “ಏನ್ ಮಹಾ, ನಾಲ್ಕು ದಿನ” ಎಂದಳು. ಡಬ್ಬಣ್ಣ ಆಕೆಯ ಕೈ ನೋಡಿದ. ಕೈ ಇನ್ನೂ ಡಬ್ಬಿಯ ಅಂಚನ್ನು ಬಿಟ್ಟಿರಲಿಲ್ಲ.

ಹದಿನೇಳು ಮೆಟ್ಟಿಲು ಹತ್ತಿ ಕೋಣೆಗೆ ಬಂದಾಗ ಹಲ್ಲಕ್ಕ ಬೇರೆ ಕೆಲಸದಲ್ಲಿದ್ದಳು. ಅವನು ಡಬ್ಬಿಯನ್ನು ಬೆಂಚಿನ ಮೇಲಿಟ್ಟ.

“ಒಪ್ಪಿದ್ರು ಅಕ್ಕ. ವಾಪಸ್ ಕೊಡಲ್ಲ ಅಂತ ಜಗಳ ಮಾಡಿದ್ರು.”

“ಏನ್ ಮಹಾ” ಅಂದಳು ಹಲ್ಲಕ್ಕ, ತಲೆ ಎತ್ತದೆ. ಅವಳ ಎರಡೂ ಕೈ ಮೇಣದಲ್ಲಿ ಸಿಕ್ಕಿಕೊಂಡಿದ್ದವು. ಆ ಸೋಮವಾರದ ಹಾಗೆಯೇ, ಕೈ ನೋಡಿ ಏನೂ ತಿಳಿಯುವ ಹಾಗಿರಲಿಲ್ಲ. ಡಬ್ಬಣ್ಣ ಖಾಲಿ ಚೀಲ ಹಿಡಿದು ನಿಂತ.

ಅಷ್ಟರಲ್ಲಿ ಬೆಂಚಿನ ಕೆಳಗೆ ಏನೋ ಸರಿದ ಸದ್ದು. ಹಲ್ಲಕ್ಕ ಕಾಲಿನಿಂದ ಎರಡನೇ ಸ್ಟೂಲನ್ನು ಅವನ ಕಡೆ ತಳ್ಳುತ್ತಿದ್ದಳು. ಮೇಲಿನ ರೇಡಿಯೋ ಓಲಾಡಿತು. ಡಬ್ಬಣ್ಣ ಹಾರಿ ಹಿಡಿದುಕೊಂಡ.

“ಅದನ್ನ ಮೂಲೇಲಿಡು. ಪ್ಲಾಸ್ಟರ್ ಕಲಸು, ನೂರಾ ಹನ್ನೆರಡು ನೀನೇ ಮುಗಿಸು.” ಆಮೇಲೆ ಅಂದಳು: “ಮುಖ ನೋಡಿದೋರು ಒಬ್ಬರಾದ್ರೂ ಬೇಕು ಇಲ್ಲಿ. ಕ್ಲಿನಿಕ್ಕಿಗೆ ಹೋಗೋದು ಬಿಡಬೇಡ. ಡಬ್ಬಿ ಕೊರಿಯರ್‌ನಲ್ಲಿ ಹೋಗ್ಲಿ, ಕಷ್ಟದ ಟ್ರಯಲ್ ಇದ್ದಾಗ ನೀನು ಹೋಗಿ ಕೂತ್ಕೊಂಡು ನೋಡ್ಕೊಂಡು ಬಾ.”

ಡಬ್ಬಣ್ಣನಿಗೆ ಒಂದು ಮಾತು ಕೇಳಬೇಕು ಅನ್ನಿಸಿತು. ಕೇಳಿಯೇಬಿಟ್ಟ.

“ಅಕ್ಕ, ಆ ಮೂರನೇ ಹುಡುಗಿ ಕಟ್ಟಿದ್ದು ಚೆನ್ನಾಗಿತ್ತಲ್ವಾ? ನೀವು ಡಬ್ಬಿಗೆ ಹಾಕಿದ್ರಿ.”

ಹಲ್ಲಕ್ಕನ ಚಾಕು ನಿಂತಿತು. “ಚೆನ್ನಾಗಿತ್ತು. ನನಗಿಂತ ಚೆನ್ನಾಗಿತ್ತು. ಯಾಕೆ ಹೋದ್ಲೋ ಇವತ್ತಿಗೂ ಗೊತ್ತಾಗಿಲ್ಲ ನನಗೆ.”

ಅವನು ಅವಳ ಮುಖ ನೋಡಿದ. ನಿಜವಾಗಿಯೂ ಗೊತ್ತಿರಲಿಲ್ಲ ಅವಳಿಗೆ. ಹೇಳಲೋ ಬೇಡವೋ ಎಂದು ಪ್ಲಾಸ್ಟರ್ ಬಟ್ಟಲಿಗೆ ನೀರು ಹಾಕುತ್ತ ಯೋಚಿಸಿದ. ಇನ್ನೊಂದು ದಿನ ಹೇಳಬಹುದು, ದಿನಗಳು ಈಗ ಬೇಕಾದಷ್ಟು ಇವೆ. ಸ್ಟೂಲಿನ ಮೇಲೆ ಕೂತ. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಆ ಬೆಂಚು ಅವನ ಎದೆಯ ಮಟ್ಟಕ್ಕೆ ಕಂಡಿತು.

ಸಂಜೆ ಬಾಗಿಲಲ್ಲಿ ಕಾಲಿಡುತ್ತಲೇ ಹೆಂಡತಿ ಇಸ್ತ್ರಿ ನಿಲ್ಲಿಸಿ ಕೇಳಿದಳು: “ಏನಾಯ್ತು ರೀ?”

“ಏನ್ ಮಹಾ” ಅಂದ ಡಬ್ಬಣ್ಣ. ಆ ಮಾತು ಅವನ ಬಾಯಿಗೆ ಬಂದದ್ದು ಅದೇ ಮೊದಲು.

ಹೆಂಡತಿ ಮುಖ ನೋಡಲಿಲ್ಲ, ಕೈ ನೋಡಿದಳು. ಅವನು ಡಬ್ಬಿ ಹೊರುವ ಚೀಲವನ್ನು ಒಳಗೂ ಹೊರಗೂ ಕೊಡವಿ, ಅಡುಗೆಮನೆಯ ಬಾಗಿಲ ಹಿಂದೆ, ಈರುಳ್ಳಿ ತರುವ ಚೀಲಗಳ ಮೊಳೆಗೆ ನೇತುಹಾಕುತ್ತಿದ್ದ. ಉಗುರಿನ ಸಂದಿಯಲ್ಲಿ ಕೆಂಪು ಮೇಣ ಇತ್ತು.